ಹಳೆಯ ಗಣಕವೂ ಹೊಸ ತಂತ್ರಾಂಶವೂ

ಮನೆಯ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಕುಳಿತಿರುವ ಗಣಕಯಂತ್ರವು ಒಂದು ಪುಟವನ್ನು ತೆರೆಯಲು ನಿಮಿಷಗಟ್ಟಲೆ ತಡೆದಾಗ, ‘ಇದಕ್ಕೆ ವಯಸ್ಸಾಯಿತು’ ಎಂದು ನಾವು ಹೇಳುವುದುಂಟು. ಆದರೆ ಯಂತ್ರದ ಮುಪ್ಪು ಮನುಷ್ಯನ ಮುಪ್ಪಿನಂಥದಲ್ಲ. ಧೂಳು ತುಂಬಿ ಕಾವೇರದೆ, ಬಿಡಿಭಾಗಗಳು ಕೆಡದೆ ಇದ್ದರೆ, ಕೊಂಡ ದಿನ ಎಷ್ಟು ವೇಗದಿಂದ ಲೆಕ್ಕ ಮಾಡುತ್ತಿತ್ತೋ ಇಂದಿಗೂ ಅಷ್ಟೇ ವೇಗದಿಂದ ಮಾಡಬಲ್ಲುದು. ಕುಗ್ಗಿದುದು ಅದರ ಶಕ್ತಿಯಲ್ಲ; ಹಿಗ್ಗಿದುದು ನಾವು ಹೇರುವ ಹೊರೆ. ಈ ಹೊರೆ ಬೆಳೆದ ಬಗೆಯನ್ನೂ, ಅದನ್ನು ಹೊರಲು ವಿದ್ವಾಂಸರು ಕಂಡ ಉಪಾಯಗಳನ್ನೂ ಅರಿತವನು ಯಂತ್ರವನ್ನು ಗುಜರಿಗೆ ಕಳುಹುವ ಮುನ್ನ ಒಂದು ಗಳಿಗೆ ನಿಲ್ಲುವನು.

ಗಣಕದ ಸ್ಮೃತಿಯನ್ನು, ಎಂದರೆ ಅಂಗಡಿಯವರು ‘ರ‍್ಯಾಮ್’ ಎಂದು ಕರೆಯುವ ಭಾಗವನ್ನು, ಬರೆಯುವ ಮೇಜಿಗೆ ಹೋಲಿಸಬಹುದು; ಡಿಸ್ಕು ಪುಸ್ತಕದ ಕಪಾಟು. ಕಪಾಟು ಎಷ್ಟೇ ದೊಡ್ಡದಿದ್ದರೂ ಕೆಲಸ ನಡೆಯುವುದು ಮೇಜಿನ ಮೇಲೆಯೇ. ಮೇಜು ಕಿರಿದಾದರೆ ಮಾಡುವುದೇನು? ಈ ಪ್ರಶ್ನೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಅವರ ಸಂಗಡಿಗರು ಒಂದು ಉತ್ತರವನ್ನು ಕಂಡರು. 1962ರಲ್ಲಿ ಬಳಕೆಗೆ ಬಂದ ಅವರ ‘ಅಟ್ಲಾಸ್’ ಗಣಕವು ಮಾಹಿತಿಯನ್ನು 512 ಪದಗಳ ಪುಟಗಳಾಗಿ ವಿಂಗಡಿಸಿ, ಬೇಕಾದ ಪುಟವನ್ನು ತಿರುಗುವ ಕಾಂತೀಯ ಪೀಪಾಯಿಯಿಂದ ಸ್ಮೃತಿಗೆ ತಂದು, ಬೇಡವಾದುದನ್ನು ಹಿಂದಕ್ಕೆ ಕಳುಹುತ್ತಿತ್ತು. ಹೀಗೆ ಕಿರಿಯ ಸ್ಮೃತಿಯು ಹಿರಿದಾಗಿ ತೋರಿತು. ಇಂದು ನಮ್ಮ ಮನೆಯ ಗಣಕವೂ ಇದೇ ಮಾರ್ಗವನ್ನು ಅನುಸರಿಸುತ್ತದೆ.

ಆದರೆ ಈ ಉಪಾಯಕ್ಕೂ ಒಂದು ಮಿತಿಯುಂಟು. ಮೇಜಿನ ಮೇಲೆ ನಾಲ್ಕೇ ಪುಸ್ತಕಗಳಿಗೆ ಸ್ಥಳವಿದ್ದು, ಕೆಲಸಕ್ಕೆ ಏಳು ಪುಸ್ತಕಗಳು ಒಮ್ಮೆಗೇ ಬೇಕಾದರೆ, ಓದುವವನ ಕಾಲವೆಲ್ಲ ಕಪಾಟಿಗೂ ಮೇಜಿಗೂ ನಡೆದಾಡುವುದರಲ್ಲೇ ಕಳೆದುಹೋಗುವುದಲ್ಲವೆ? ಗಣಕಕ್ಕೆ ಒದಗುವ ಈ ಅವಸ್ಥೆಯ ಕಾರಣಗಳನ್ನು ಅಮೆರಿಕದ ಪೀಟರ್ ಡೆನ್ನಿಂಗ್ ಅವರು 1968ರಲ್ಲಿ ವಿವರಿಸಿದರು. ಪ್ರತಿಯೊಂದು ಕೆಲಸಕ್ಕೂ ಆಯಾ ಹೊತ್ತಿಗೆ ಅವಶ್ಯವಾದ ಪುಟಗಳ ಒಂದು ಗುಂಪಿದೆ. ಆ ಗುಂಪು ಸ್ಮೃತಿಯಲ್ಲಿ ಹಿಡಿಸದಿದ್ದರೆ ಯಂತ್ರವು ದುಡಿಯುವುದಿಲ್ಲ, ಬರಿದೆ ಒದ್ದಾಡುತ್ತದೆ ಎಂಬುದು ಅವರ ವಿವರಣೆಯ ಸಾರ. ಡಿಸ್ಕಿನ ದೀಪ ಎಡೆಬಿಡದೆ ಮಿನುಗುತ್ತ ತೆರೆಯು ಸ್ತಬ್ಧವಾಗಿ ನಿಂತಾಗ ನಾವು ಕಾಣುವುದು ಅನೇಕ ವೇಳೆ ಈ ಒದ್ದಾಟವನ್ನೇ. ಅದನ್ನು ಯಂತ್ರದ ಮರಣವೆಂದು ತಿಳಿಯಬಾರದು.

ಇನ್ನು ಹೊರೆ ಬೆಳೆದ ಕಥೆ. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಸ್ವಂತ ಬಳಕೆಯ ಗಣಕವು 16 ಕಿಲೋಬೈಟುಗಳ ಸ್ಮೃತಿಯೊಡನೆಯೂ ಮಾರಾಟವಾಗುತ್ತಿತ್ತು. ಮೈಕ್ರೋಸಾಫ್ಟಿನ ವಿಂಡೋಸ್ 95ಕ್ಕೆ ಕನಿಷ್ಠ ಪಕ್ಷ 4 ಮೆಗಾಬೈಟ್ ಬೇಕಾಗಿದ್ದಿತು. 2001ರ ವಿಂಡೋಸ್ ಎಕ್ಸ್‌ಪಿಗೆ 64 ಮೆಗಾಬೈಟ್. 2009ರ ವಿಂಡೋಸ್ 7ಕ್ಕೆ 1 ಗಿಗಾಬೈಟ್. 2021ರ ವಿಂಡೋಸ್ 11ಕ್ಕೆ 4 ಗಿಗಾಬೈಟ್. ಎಂದರೆ 26 ವರ್ಷಗಳಲ್ಲಿ ಕನಿಷ್ಠದ ಅಳತೆಯೇ 1024 ಪಟ್ಟು ಹೆಚ್ಚಿತು! ಯಂತ್ರಾಂಶದ ವೇಗ ಹೆಚ್ಚುವುದಕ್ಕಿಂತ ತ್ವರೆಯಾಗಿ ತಂತ್ರಾಂಶದ ಭಾರವು ಹೆಚ್ಚುತ್ತಿದೆಯೆಂದು ಸ್ವಿಟ್ಜರ್ಲೆಂಡಿನ ವಿದ್ವಾಂಸ ನಿಕ್ಲಾಸ್ ವಿರ್ತ್ 1995ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ಹಾಗಾದರೆ ಹಳೆಯ ಯಂತ್ರದಲ್ಲಿ ಹಳೆಯ ತಂತ್ರಾಂಶವನ್ನೇ ಉಳಿಸಿಕೊಂಡು ಸುಖವಾಗಿರಬಾರದೇಕೆ ಎಂದು ವಾಚಕರು ಕೇಳಬಹುದು. ಕನ್ನಡಿಗರಾದ ನಮಗೆ ಆ ಮಾರ್ಗ ಸುಗಮವಲ್ಲ. 1990ರ ದಶಕದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಪೀಠದಲ್ಲಿ ಕನ್ನಡದ ಆಕೃತಿಗಳನ್ನು ಕುಳ್ಳಿರಿಸುತ್ತಿದ್ದವು. ಅದೇ ಅಕ್ಷರಮಾದರಿ ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಕನ್ನಡದ ಪತ್ರವು ಅರ್ಥವಿಲ್ಲದ ಗೀರುಗಳಾಗುತ್ತಿತ್ತು. ಎಲ್ಲ ಲಿಪಿಗಳಿಗೂ ಸ್ವಂತ ಸಂಖ್ಯೆಗಳನ್ನಿತ್ತ ಯೂನಿಕೋಡಿನಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಪಡೆಯಿತಾದರೂ, ವಿಂಡೋಸ್ ಗಣಕಗಳು ಆ ಕನ್ನಡವನ್ನು ಸ್ವತಃ ಸರಿಯಾಗಿ ತೋರಿಸಲು 2001ರ ಎಕ್ಸ್‌ಪಿ ಬರಬೇಕಾಯಿತು. ನಮ್ಮ ನುಡಿಯು ಗಣಕವನ್ನು ಪ್ರವೇಶಿಸಿದ್ದು ಹೊಸ ತಂತ್ರಾಂಶದ ಬಾಗಿಲಿನಿಂದ. ಅಲ್ಲದೆ, ತಯಾರಕರು ಕೈಬಿಟ್ಟ ತಂತ್ರಾಂಶದ ಬಿರುಕುಗಳನ್ನು ಮುಚ್ಚುವವರಿಲ್ಲದೆ ಕಳ್ಳರಿಗೆ ದಾರಿಯಾಗುವುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು.

ಕನ್ನಡವೇ ಹೊರೆಯೆಂದು ಭಾವಿಸುವುದೂ ತಪ್ಪು. ಪ್ರಚಲಿತ ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಬೇಕು. ಪುಟಕ್ಕೆ 2000 ಚಿಹ್ನೆಗಳಂತೆ ನೂರು ಪುಟಗಳ ಪುಸ್ತಕವೊಂದಕ್ಕೆ 600 ಕಿಲೋಬೈಟುಗಳಷ್ಟೇ ಸಾಕು. ಹೊರೆಯಾಗುವುದು ಚಿತ್ರಗಳು, ಜಾಹೀರಾತುಗಳು, ಜಾಲತಾಣಗಳೊಳಗೆ ಅಡಗಿರುವ ತಂತ್ರಾಂಶ.

ಈ ಇಕ್ಕಟ್ಟಿಗೆ ಪರಿಹಾರ ಬಂದುದು ಬಹುಮಟ್ಟಿಗೆ ಮುಕ್ತ ತಂತ್ರಾಂಶದ ಕಡೆಯಿಂದ. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, 1996ರಿಂದ ಬೆಳೆದ ಎಕ್ಸ್‌ಎಫ್‌ಸಿಇ, 2006ರಲ್ಲಿ ತೈವಾನಿನಲ್ಲಿ ಹುಟ್ಟಿದ ಎಲ್‌ಎಕ್ಸ್‌ಡಿಇ ಎಂಬ ಹಗುರವಾದ ತೆರೆವ್ಯವಸ್ಥೆಗಳು ಸಣ್ಣ ಸ್ಮೃತಿಯಲ್ಲೂ ಹೊಸ ಕಾಲದ ಕೆಲಸಗಳಿಗೆ ಅವಕಾಶವಿತ್ತವು. 2014ರ ಲಿನಕ್ಸ್ 3.14ರಲ್ಲಿ ‘ಜೆಡ್‌ರ‍್ಯಾಮ್’ ಸ್ಥಿರವಾಗಿ ನೆಲೆಗೊಂಡಿತು: ಪುಟಗಳನ್ನು ದೂರದ ಕಪಾಟಿಗೆ ಕಳುಹುವ ಬದಲು ಮೇಜಿನ ಮೇಲೆಯೇ ಮಡಿಸಿ ಒತ್ತಿಡುವ ಉಪಾಯವಿದು. ಕಾಸರಗೋಡು ಸೀಮೆಯ ಮನೆಗಳಿಗೆ ಲಿನಕ್ಸ್ ಅಪರಿಚಿತವೂ ಅಲ್ಲ. ಕೇರಳವು 2001ರಲ್ಲಿ ತೊಡಗಿದ, 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾದ ಶಾಲಾ ಗಣಕ ಯೋಜನೆಯು ಮುಕ್ತ ತಂತ್ರಾಂಶವನ್ನೇ ಅವಲಂಬಿಸಿರುವುದರಿಂದ, ನಮ್ಮ ಮಕ್ಕಳು ಶಾಲೆಯಲ್ಲಿ ಅದನ್ನು ಕಂಡಿರುತ್ತಾರೆ.

ಆದರೂ ಸತ್ಯವನ್ನು ಮರೆಮಾಚಬಾರದು. ಮುಕ್ತ ತಂತ್ರಾಂಶಕ್ಕೂ ಅನಂತ ತಾಳ್ಮೆಯಿಲ್ಲ. ಯಾವ 386 ಯಂತ್ರದ ಮೇಲೆ ಲಿನಕ್ಸ್ ಹುಟ್ಟಿತೋ ಆ ಯಂತ್ರವನ್ನು 2013ರ ಆವೃತ್ತಿ 3.8 ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಹಳೆಯ 32 ಬಿಟ್ ಗಣಕಗಳಲ್ಲಿ ಹೊಸದಾಗಿ ಸ್ಥಾಪಿಸಲು ಬಾರದು. ಆದುದರಿಂದ ಮೊದಲು ಯಂತ್ರವು 64 ಬಿಟ್ಟಿನದೇ ಎಂದು ನೋಡಬೇಕು. ಮುಖ್ಯವಾದ ಕಡತಗಳನ್ನೂ ಭಾವಚಿತ್ರಗಳನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು. ಬಳಿಕ, ಸಾಧ್ಯವಿದ್ದರೆ ಇನ್ನೊಂದು ರ‍್ಯಾಮ್ ಪಟ್ಟಿಯನ್ನು ಸೇರಿಸಿ, ತಿರುಗುವ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿ ಇರಿಸಿ, ಹಗುರವಾದ ವ್ಯವಸ್ಥೆಯನ್ನು ಸ್ಥಾಪಿಸಿ, ಒಮ್ಮೆಗೆ ಕೆಲವೇ ಪುಟಗಳನ್ನು ತೆರೆಯುವ ಅಭ್ಯಾಸವನ್ನಿಟ್ಟುಕೊಂಡರೆ, 4 ಗಿಗಾಬೈಟಿನ ಯಂತ್ರವು ವಿದ್ಯಾರ್ಥಿಯ ಓದುಬರಹಕ್ಕೆ ಇನ್ನೂ ಹಲವು ವರ್ಷ ಒದಗಬಲ್ಲುದು. 1 ಗಿಗಾಬೈಟಿನಲ್ಲೇ ನಿಂತುಹೋದ ಯಂತ್ರದಿಂದ ಪತ್ರ ಬರೆಯುವ ಕೆಲಸವನ್ನು ಬಯಸಬಹುದು. ಇಂದಿನ ಜಾಲತಾಣಗಳ ಭಾರವನ್ನು ಹೊರಿಸುವುದು ಅನ್ಯಾಯ.

ಹೊಸ ಗಣಕವನ್ನು ಕೊಳ್ಳಲಾರದ ಮನೆಯ ಮಗುವಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲಿ ಹುಡುಕುವ ಹಕ್ಕು ತಪ್ಪಬಾರದು. ಅಟ್ಲಾಸಿನ ಕಾಲದಿಂದ ಈ ಶಾಸ್ತ್ರದ ಚರಿತ್ರೆಯು ಕಲಿಸುವ ಪಾಠ ಒಂದೇ: ಇರುವ ಎಡೆಯನ್ನು ಅರಿತು ಬಳಸಬೇಕು. ಮೂಲೆಯಲ್ಲಿ ಮುಸುಕು ಹಾಕಿಟ್ಟ ಯಂತ್ರವನ್ನು ಒಮ್ಮೆ ತೆರೆದು ಅದರ ಸ್ಮೃತಿಯೆಷ್ಟೆಂದು ನೋಡೋಣ.