ಗೋಡೆಯೇ ಸ್ಟೋರಿ ಆಗಿದ್ದ ಕಾಲ: ವಿಕ್ಟರ್ ತ್ಸೊಯ್ ಹೋದಾಗ ಅಭಿಮಾನಿಗಳು ಏನು ಮಾಡಿದರು?

1/8

ನಿಮಗೆ ತುಂಬಾ ಇಷ್ಟದ ಗಾಯಕ ಇನ್ನಿಲ್ಲ ಅಂತ ಬೆಳಗ್ಗೆ ಎದ್ದ ತಕ್ಷಣ ಗೊತ್ತಾದ್ರೆ ಏನ್ ಮಾಡ್ತೀರಿ? ಮೊದಲು ನಂಬಲ್ಲ. ಆಮೇಲೆ ಕ್ಲಾಸ್ ಗ್ರೂಪಲ್ಲಿ ಕೇಳ್ತೀರಿ, ‘ನಿಜಾನಾ?’ ನಿಜ ಅಂತ ಗೊತ್ತಾದ ಮೇಲೆ ಡಿಪಿ ಬದಲಾಗುತ್ತೆ. ಒಂದು ಸ್ಟೋರಿ, ಅದಕ್ಕೊಂದು ಹಾಡು, ಒಂದು ಒಡೆದ ಹೃದಯ. 24 ಗಂಟೆ ಆದ್ಮೇಲೆ ಆ ಸ್ಟೋರಿ ತಾನಾಗೇ ಮಾಯ.

ಈಗ ಫೋನೇ ಇಲ್ಲ ಅಂದ್ಕೊಳ್ಳಿ. ಇಂಟರ್ನೆಟ್ ಇಲ್ಲ. ಆ ಗಾಯಕನ ಹಾಡು ಕೂಡ ಅಂಗಡಿಯಲ್ಲಿ ಸುಲಭವಾಗಿ ಸಿಗಲ್ಲ. ದುಃಖ ಮಾತ್ರ ಇದೆ. ಅದನ್ನ ಎಲ್ಲಿ ಹಾಕ್ತೀರಿ?

ಮೊದಲನೇ ಚಿತ್ರ ನೋಡಿ. ಮಾಸ್ಕೋದ ಅರ್ಬಾತ್ ಬೀದಿ. ಅದು ವಾಹನ ಓಡಾಡದ, ಜನ ನಡೆದಾಡುವ ಹಳೇ ಬೀದಿ. ಅದರ ಪಕ್ಕದ ಗಲ್ಲಿಯ ಮೂಲೆಯಲ್ಲಿರೋ ಈ ಗೋಡೆಯಲ್ಲಿ ಒಂದು ಅಂಗೈಯಷ್ಟು ಜಾಗವೂ ಖಾಲಿ ಇಲ್ಲ. ಹೆಸರು, ಊರು, ತಾರೀಖು, ಮುಖದ ಚಿತ್ರ, ಅದರ ಮೇಲೆ ಮತ್ತೆ ಹೆಸರು. ಅಲ್ಲಿ ಪದೇಪದೇ ಕಾಣೋದು ಎರಡೇ ಪದ: ‘ತ್ಸೊಯ್ ಬದುಕಿದ್ದಾನೆ.’

ಈ ವಾರದ ಇತಿಹಾಸ ಆ ಎರಡು ಪದದ್ದು. ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಓದಿ.

2/8

ತ್ಸೊಯ್ ಯಾರು ಅನ್ನೋದಕ್ಕಿಂತ ಮೊದಲು, ಅವನ ಊರಲ್ಲಿ ಹಾಡು ಹೇಗೆ ಜನರ ಕೈಗೆ ಸಿಗ್ತಿತ್ತು ಅಂತ ತಿಳ್ಕೊಳ್ಳಬೇಕು.

ಸೋವಿಯತ್ ಒಕ್ಕೂಟದಲ್ಲಿ ರೆಕಾರ್ಡ್ ಹೊರತರೋದು ಸರ್ಕಾರದ ಕೆಲಸ. ಕಂಪನಿಯ ಹೆಸರು ‘ಮೆಲೋಡಿಯಾ’. ಯಾವ ಹಾಡು ಜನಕ್ಕೆ ಒಳ್ಳೇದು, ಯಾವುದು ಬೇಡ ಅಂತ ಮೇಲಿನವರು ತೀರ್ಮಾನ ಮಾಡೋರು. ಪಶ್ಚಿಮದ ದೇಶಗಳ ರಾಕ್ ಸಂಗೀತ ಅವರಿಗೆ ಇಷ್ಟ ಇರ್ಲಿಲ್ಲ.

ಆದ್ರೆ ಬೇಡ ಅಂದಿದ್ದನ್ನ ಕೇಳದೇ ಬಿಡೋಕೆ ಆಗುತ್ತಾ? 1950ರ ಸುಮಾರಿಗೆ ಅಲ್ಲಿನ ಹುಡುಗರು ಆಸ್ಪತ್ರೆಗಳು ಬಿಸಾಡಿದ ಎಕ್ಸ್-ರೇ ಹಾಳೆಗಳನ್ನ ತಂದು, ದುಂಡಗೆ ಕತ್ತರಿಸಿ, ಅದರ ಮೇಲೆ ಕದ್ದುಮುಚ್ಚಿ ಹಾಡು ಕೊರೀತಿದ್ರು. ಯಾರದೋ ಪಕ್ಕೆಲುಬಿನ ಚಿತ್ರದ ಮೇಲೆ ಜಾಝ್ ಸಂಗೀತ! ಜನ ಅದನ್ನ ‘ಎಲುಬಿನ ಮೇಲಿನ ಸಂಗೀತ’ ಅಂತಲೇ ಕರೀತಿದ್ರು.

ಆಮೇಲೆ ಟೇಪ್ ರೆಕಾರ್ಡರ್ ಮನೆಮನೆಗೆ ಬಂತು. ಒಬ್ಬನ ಟೇಪಿನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ ಕಾಪಿ ಮಾಡ್ಕೊಳ್ಳೋದು. ಪ್ರತಿ ಕಾಪಿಗೂ ‘ಸ್ಸ್ಸ್’ ಸದ್ದು ಜಾಸ್ತಿ, ಗಾಯಕನ ದನಿ ಇನ್ನಷ್ಟು ದೂರ. ಹೀಗೆ ಕೈಯಿಂದ ಕೈಗೆ ದಾಟಿದ ಟೇಪುಗಳಿಗೆ ‘ಮ್ಯಾಗ್ನಿತಿಝ್ದಾತ್’ ಅನ್ನೋ ಹೆಸರಿತ್ತು. ಕನ್ನಡದಲ್ಲಿ ‘ಟೇಪ್ ಪ್ರಕಾಶನ’ ಅನ್ನಬಹುದು.

ಇದನ್ನ ನೆನಪಿಟ್ಕೊಳ್ಳಿ. ಇಲ್ಲಿ ಅಭಿಮಾನಿ ಅಂದ್ರೆ ಬರೀ ಕೇಳುಗ ಅಲ್ಲ. ಹಾಡು ಮುಂದಕ್ಕೆ ಹೋಗ್ಬೇಕಾದ್ರೆ ಅವನು ರಾತ್ರಿ ಕೂತು ಕಾಪಿ ಮಾಡ್ಲೇಬೇಕು.

3/8

ವಿಕ್ಟರ್ ತ್ಸೊಯ್ ಹುಟ್ಟಿದ್ದು 1962ರ ಜೂನ್ 21, ಲೆನಿನ್‌ಗ್ರಾದ್‌ನಲ್ಲಿ. ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್ ಅದೇ. ಅಪ್ಪ ಕೊರಿಯಾ ಮೂಲದ ಎಂಜಿನಿಯರ್, ಅಮ್ಮ ರಷ್ಯನ್, ಶಾಲೆಯಲ್ಲಿ ಪಿಟಿ ಟೀಚರ್. ಚಿತ್ರಕಲೆ ಶಾಲೆಗೆ ಸೇರಿದ ಹುಡುಗನನ್ನ ಅಲ್ಲಿಂದ ಹೊರಗೆ ಹಾಕಿದ್ರು. ಆಮೇಲೆ ಮರದ ಕೆತ್ತನೆ ಕಲಿತ. ಇದರ ಮಧ್ಯೆ ಗಿಟಾರ್.

1981ರಲ್ಲಿ ಲೆನಿನ್‌ಗ್ರಾದ್‌ನಲ್ಲಿ ಒಂದು ರಾಕ್ ಕ್ಲಬ್ ಶುರುವಾಯ್ತು. ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ಬೇರೆಬೇರೆ ಕಡೆ ಕದ್ದು ಹಾಡೋ ಬದಲು ಎಲ್ಲರೂ ಒಂದೇ ಕಡೆ ಕಣ್ಣೆದುರಿಗೆ ಇರ್ಲಿ ಅನ್ನೋ ಲೆಕ್ಕಾಚಾರವೂ ಅದರಲ್ಲಿತ್ತು. ವೇದಿಕೆ ಹತ್ತೋಕೆ ಮೊದಲು ಹಾಡಿನ ಸಾಲುಗಳನ್ನ ತೋರಿಸಿ ಒಪ್ಪಿಗೆ ಪಡೀಬೇಕಿತ್ತು. ತ್ಸೊಯ್‌ನ ತಂಡ ‘ಕಿನೋ’ ಬೆಳೆದದ್ದು ಇಲ್ಲೇ. ಕಿನೋ ಅಂದ್ರೆ ಸಿನಿಮಾ. 1982ರಲ್ಲಿ ಬಂದ ಮೊದಲ ಆಲ್ಬಮ್ ಹೆಸರು ‘45’.

ತಮಾಷೆ ಅಂದ್ರೆ, ಇಷ್ಟೊತ್ತಿಗೆ ಹೆಸರು ಮಾಡಿದ್ದ ಈ ಹಾಡುಗಾರನಿಗೆ ಕೆಲಸವೊಂದು ಬೇಕಿತ್ತು. ಆ ದೇಶದಲ್ಲಿ ಕೆಲಸ ಇಲ್ಲದೇ ಇರೋದು ಅಪರಾಧ. ‘ಪರಾವಲಂಬಿ’ ಅಂತ ಕೇಸ್ ಹಾಕ್ತಿದ್ರು. ಅದಕ್ಕೇ 1986ರಿಂದ ಸುಮಾರು ಒಂದೂವರೆ ವರ್ಷ ತ್ಸೊಯ್ ಒಂದು ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಹಾಕೋ ಕೆಲಸ ಮಾಡಿದ. ಕಟ್ಟಡಗಳನ್ನ ಬೆಚ್ಚಗಿಡೋ ನೆಲಮಾಳಿಗೆಯ ಒಲೆ ಅದು. ಅದಕ್ಕೆ ಎಲ್ಲರೂ ಇಟ್ಟಿದ್ದ ಅಡ್ಡಹೆಸರು ‘ಕಮ್ಚಾತ್ಕಾ’. ಸಲಿಕೆ ಹಿಡಿದ ಆ ಹುಡುಗರು ಅಲ್ಲೇ ಹಾಡೂ ಕಟ್ತಿದ್ರು. ಇವತ್ತು ಆ ಜಾಗ ಮ್ಯೂಸಿಯಂ. ಎರಡನೇ ಚಿತ್ರ ಅದೇ.

4/8

1985ರಲ್ಲಿ ಗೋರ್ಬಚೇವ್ ಅಧಿಕಾರಕ್ಕೆ ಬಂದ್ರು. ಹಿಡಿತ ನಿಧಾನಕ್ಕೆ ಸಡಿಲ ಆಯ್ತು. 1987ರಲ್ಲಿ ‘ಅಸ್ಸಾ’ ಅನ್ನೋ ಸಿನಿಮಾ ಬಂತು, ನಿರ್ದೇಶಕ ಸೆರ್ಗೇಯ್ ಸೊಲೊವ್ಯೋವ್. ಅದರ ಕೊನೆಯಲ್ಲಿ ಕಪ್ಪು ಬಟ್ಟೆ ಹಾಕಿದ ತ್ಸೊಯ್ ಒಂದು ರೆಸ್ಟೋರೆಂಟಿಗೆ ಕೆಲಸ ಕೇಳ್ಕೊಂಡು ಬರ್ತಾನೆ. ಅಲ್ಲಿನ ಹೆಂಗಸು ನಿಯಮಗಳನ್ನ ಓದ್ತಾನೇ ಇರ್ತಾಳೆ. ಅವನು ಪೂರ್ತಿ ಕೇಳದೇ ಎದ್ದು ಹೋಗಿ ವೇದಿಕೆ ಹತ್ತಿ ಹಾಡ್ತಾನೆ. ಕ್ಯಾಮೆರಾ ತಿರುಗಿದಾಗ ಎದುರಿಗೆ ರೆಸ್ಟೋರೆಂಟ್ ಇಲ್ಲ, ಬಯಲಲ್ಲಿ ಬೆಂಕಿಕಡ್ಡಿ ಹಚ್ಚಿ ನಿಂತ ದೊಡ್ಡ ಜನಸಾಗರ!

ಆ ಹಾಡಿನ ಹೆಸರು ‘ಪೆರೆಮೆನ್’. ಬದಲಾವಣೆ ಅಂತ ಅರ್ಥ.

ಅಲ್ಲಿಂದ ಟೇಪ್ ಕಾಪಿ ಮಾಡ್ತಿದ್ದವರ ಗಾಯಕ ಇಡೀ ದೇಶದ ಗಾಯಕ ಆದ. 1988ರಲ್ಲಿ ‘ಗ್ರುಪ್ಪಾ ಕ್ರೋವಿ’ ಆಲ್ಬಮ್. ಅದೇ ವರ್ಷ, ಕಝಾಖ್ ನಿರ್ದೇಶಕ ರಶೀದ್ ನುಗ್ಮಾನೊವ್ ಅವರ ‘ಇಗ್ಲಾ’ ಸಿನಿಮಾದಲ್ಲಿ ಹೀರೋ. 1990ರ ಜೂನ್ 24ಕ್ಕೆ ಮಾಸ್ಕೋದ ಲುಝ್ನಿಕಿ ಕ್ರೀಡಾಂಗಣದಲ್ಲಿ ಹತ್ತಾರು ಸಾವಿರ ಜನರ ಮುಂದೆ ಕಿನೋ ಹಾಡಿತು. ಒಲೆಗೆ ಕಲ್ಲಿದ್ದಲು ಹಾಕೋದು ಬಿಟ್ಟು ಎರಡೂವರೆ ವರ್ಷವೂ ಆಗಿರ್ಲಿಲ್ಲ.

ಅದು ದೊಡ್ಡ ವೇದಿಕೆಯ ಕೊನೆಯ ಸಲ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

5/8

1990ರ ಆಗಸ್ಟ್ 15. ನಮ್ಮಲ್ಲಿ ಬೆಳಗ್ಗೆ ಬಾವುಟ ಹಾರಿಸಿ, ಸಿಹಿ ಹಂಚಿ ಮಕ್ಕಳು ಮನೆಗೆ ಹೋಗಿರೋ ಹೊತ್ತು. ಅಲ್ಲಿ ಲಾಟ್ವಿಯಾದ ಒಂದು ರಸ್ತೆಯಲ್ಲಿ, ಮಧ್ಯಾಹ್ನ ಹನ್ನೆರಡು ದಾಟಿದಾಗ, ಮೀನು ಹಿಡಿದು ವಾಪಸ್ ಬರ್ತಿದ್ದ ತ್ಸೊಯ್‌ನ ಕಾರು ಎದುರಿನಿಂದ ಬಂದ ಬಸ್ಸಿಗೆ ಗುದ್ದಿತು. ಬಸ್ಸಲ್ಲಿ ಪ್ರಯಾಣಿಕರು ಇರ್ಲಿಲ್ಲ. ತ್ಸೊಯ್ ಅಲ್ಲೇ ಹೋದ. ಗಾಡಿ ಓಡಿಸುವಾಗ ನಿದ್ದೆ ಹತ್ತಿತ್ತು ಅಂತ ತನಿಖೆ ಹೇಳಿತು. ವಯಸ್ಸು 28.

ಆ ಬೇಸಿಗೆಯಲ್ಲಿ ಅವನು ಮತ್ತು ಗಿಟಾರ್ ವಾದಕ ಯೂರಿ ಕಸ್ಪರ್ಯಾನ್ ಲಾಟ್ವಿಯಾದ ಕಡಲತೀರದ ಹಳ್ಳಿಯೊಂದರಲ್ಲಿ ಕೂತು ಹೊಸ ಹಾಡುಗಳ ಕರಡು ರೆಕಾರ್ಡ್ ಮಾಡಿದ್ರು. ಕರಡು ಅಷ್ಟೇ. ಆದ್ರೆ ಅದರಲ್ಲಿ ತ್ಸೊಯ್‌ನ ದನಿ ಇತ್ತು. ಅವನು ಹೋದ ಮೇಲೆ ತಂಡದವರು ಆ ದನಿಯ ಸುತ್ತ ಉಳಿದ ವಾದ್ಯ ನುಡಿಸಿ ಆಲ್ಬಮ್ ಪೂರ್ತಿ ಮಾಡಿದ್ರು. ಕವರ್ ಕಪ್ಪು. ಜನ ಅದನ್ನ ‘ಕಪ್ಪು ಆಲ್ಬಮ್’ ಅಂತಲೇ ಕರೆದ್ರು. ಸತ್ತ ಗೆಳೆಯನ ದನಿಯನ್ನ ಹೆಡ್‌ಫೋನಲ್ಲಿ ಕೇಳ್ತಾ ಡ್ರಮ್ಸ್ ಬಾರಿಸೋದು ಹೇಗಿರುತ್ತೆ, ಒಂದು ನಿಮಿಷ ಯೋಚಿಸಿ.

ಇಲ್ಲಿ ನಮ್ಮದೊಂದು ನೆನಪು ಬರ್ದೇ ಇರಲ್ಲ. ಅದೇ 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು, ಮತ್ತೆ ಒಂದು ರಸ್ತೆ. ಶಂಕರ್‌ನಾಗ್. ಎರಡು ಸಾವಿನ ಮಧ್ಯೆ ಬರೀ ಆರೂವರೆ ವಾರ. ಇಬ್ಬರಿಗೂ ಪರಸ್ಪರ ಸಂಬಂಧ ಏನೂ ಇಲ್ಲ. ಆದ್ರೆ ನಮ್ಮ ಆಟೋಗಳ ಹಿಂದೆ ಇವತ್ತಿಗೂ ಶಂಕ್ರಣ್ಣ ನಗ್ತಾ ಇರೋದನ್ನ ನೋಡಿ ಬೆಳೆದ ನಿಮಗೆ ಮುಂದಿನ ಕಥೆ ಬೇರೆ ಯಾರಿಗಿಂತಲೂ ಬೇಗ ಅರ್ಥ ಆಗುತ್ತೆ.

6/8

ಸುದ್ದಿ ಬಂದ ಮೇಲೆ ಅಭಿಮಾನಿಗಳು ಬೀದಿಗೆ ಬಂದ್ರು. ಮನೆಯಲ್ಲಿ ಒಬ್ಬೊಬ್ಬರೇ ಅಳೋಕೆ ಆಗ್ಲಿಲ್ಲ ಅಂತ ಕಾಣುತ್ತೆ.

ಅರ್ಬಾತ್ ಗೋಡೆ ಮೇಲೆ ಯಾರೋ ಕಪ್ಪು ಅಕ್ಷರದಲ್ಲಿ ‘ಇವತ್ತು ವಿಕ್ಟರ್ ತ್ಸೊಯ್ ತೀರಿಕೊಂಡ’ ಅಂತ ಬರೆದ್ರಂತೆ. ಅದರ ಕೆಳಗೆ ಇನ್ಯಾರೋ ಉತ್ತರ ಬರೆದ್ರಂತೆ: ‘ತ್ಸೊಯ್ ಬದುಕಿದ್ದಾನೆ.’ ಇಬ್ಬರೂ ಯಾರು ಅಂತ ಹೆಸರಿಲ್ಲ. ಪೋಸ್ಟ್ ಒಬ್ಬರದ್ದು, ಕಾಮೆಂಟ್ ಇನ್ನೊಬ್ಬರದ್ದು. ಆ ಕಾಮೆಂಟ್ ಇವತ್ತಿಗೂ ಮುಗಿದಿಲ್ಲ.

ಆಗಸ್ಟ್ 19ಕ್ಕೆ ಲೆನಿನ್‌ಗ್ರಾದ್‌ನ ಬೊಗೊಸ್ಲೊವ್ಸ್ಕೊಯೆ ಸ್ಮಶಾನದಲ್ಲಿ ಅಂತ್ಯಕ್ರಿಯೆ. ಸಾವಿರಾರು ಜನ. ಮುಗಿದ ಮೇಲೂ ಕೆಲವರು ಮನೆಗೆ ಹೋಗ್ಲಿಲ್ಲ, ಅಲ್ಲೇ ಟೆಂಟ್ ಹಾಕ್ಕೊಂಡು ಸಮಾಧಿ ಕಾದ್ರು. ಬೆಂಕಿ, ಗಿಟಾರ್, ಗೊತ್ತಿಲ್ಲದವರ ಜೊತೆ ಗೊತ್ತಿರೋ ಹಾಡು.

ಮಿನ್ಸ್ಕ್ ಸೇರಿ ಬೇರೆ ಊರುಗಳಲ್ಲೂ ‘ತ್ಸೊಯ್ ಗೋಡೆ’ಗಳು ಹುಟ್ಟಿದವು. ಅರ್ಬಾತ್ ಗೋಡೆಯ ಹತ್ತಿರ ಒಂದು ಪದ್ಧತಿ ಬೆಳೀತು: ಅರ್ಧಕ್ಕೆ ಮುರಿದ ಸಿಗರೇಟು ಇಟ್ಟು ಬರೋದು. ಸರಿ ತಪ್ಪು ಬಿಡಿ, ‘ನಿನ್ನ ಪಾಲು ನಿನಗೆ’ ಅನ್ನೋ ಭಾವನೆ ನಮಗೂ ಹೊಸದಲ್ಲ. ನಮ್ಮಲ್ಲಿ ಹೋದವರಿಗೆ ಇಷ್ಟದ್ದನ್ನೇ ಎಡೆ ಇಡಲ್ವಾ?

ಇಷ್ಟು ಬೇಗ ಇಷ್ಟೆಲ್ಲ ಆಗಿದ್ದು ಹೇಗೆ? ಎರಡನೇ ಕ್ಯಾಪ್ಷನ್‌ಗೆ ವಾಪಸ್ ಹೋಗಿ. ಹಾಡನ್ನ ಕೈಯಿಂದ ಕೈಗೆ ದಾಟಿಸಿ ಅಭ್ಯಾಸ ಇದ್ದವರು ಇವರು. ಈಗ ನೆನಪನ್ನ ದಾಟಿಸಿದ್ರು. ಟೇಪಿನ ಬದಲು ಗೋಡೆ, ಅಷ್ಟೇ.

7/8

ಇನ್ನು ಕಷ್ಟದ ಪ್ರಶ್ನೆ. ನೆನಪು ಇಟ್ಕೊಂಡವರು ಗಾಯಕನನ್ನ ಸರಿಯಾಗಿ ನೆನಪಿಟ್ಕೊಳ್ತಾರಾ?

ತ್ಸೊಯ್ ಹೋಗಿ ಒಂದು ವರ್ಷಕ್ಕೆ, 1991ರ ಆಗಸ್ಟ್ 19ರಂದು, ಮಾಸ್ಕೋದಲ್ಲಿ ಟ್ಯಾಂಕುಗಳು ಬೀದಿಗೆ ಬಂದವು. ಅವನ ಅಂತ್ಯಕ್ರಿಯೆಯ ತಾರೀಖೇ ಅದು. ಗೋರ್ಬಚೇವ್ ವಿರುದ್ಧದ ಆ ದಂಗೆ ಮೂರು ದಿನಕ್ಕೆ ಸೋತಿತು. ಡಿಸೆಂಬರ್‌ಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯ್ತು. ಆ ತಲೆಮಾರಿಗೆ ‘ಪೆರೆಮೆನ್’ ಆ ಬದಲಾವಣೆಯ ಹಾಡಾಗಿಬಿಡ್ತು. ಆದ್ರೆ ಅದನ್ನ ರಾಜಕೀಯದ ಹಾಡು ಅಂತ ಬರೆದದ್ದಲ್ಲ, ಮನುಷ್ಯ ತನ್ನ ಒಳಗೆ ಬದಲಾಗೋ ಮಾತು ಅದು ಅಂತ ಜೊತೆಗಾರರು ಹೇಳಿದ್ದಾರೆ.

2020ರ ಆಗಸ್ಟ್‌ನಲ್ಲಿ ಬೆಲಾರುಸ್‌ನ ಮಿನ್ಸ್ಕ್‌ನಲ್ಲಿ ಚುನಾವಣೆಗೆ ಮೊದಲು, ಸರ್ಕಾರ ಏರ್ಪಡಿಸಿದ್ದ ಕಾರ್ಯಕ್ರಮವೊಂದರಲ್ಲಿ ಇಬ್ಬರು ಡಿಜೆಗಳು ಇದ್ದಕ್ಕಿದ್ದಂತೆ ಇದೇ ಹಾಡು ಹಾಕಿದ್ರು. ಅದಕ್ಕೆ ಜೈಲು. ಆಮೇಲೆ ಪ್ರತಿಭಟನೆಗಳಲ್ಲಿ ಇದನ್ನ ಹಾಡಿದ ಎಷ್ಟೋ ಹುಡುಗ ಹುಡುಗಿಯರು ತ್ಸೊಯ್ ಹೋದಾಗ ಹುಟ್ಟೇ ಇರ್ಲಿಲ್ಲ.

ಅಂದ್ರೆ ಅವನು ಹೇಳದೇ ಇದ್ದದ್ದನ್ನ ಅವನ ಬಾಯಲ್ಲಿ ಹಾಕಿದ್ರಾ? ಒಂದು ಮಟ್ಟಿಗೆ ಹೌದು. ಬದುಕಿದ್ದಿದ್ರೆ ‘ಅಲ್ಲ ಕಣ್ರೋ’ ಅನ್ನೋಕೆ ಅವನಿಗೆ ಅವಕಾಶ ಇರ್ತಿತ್ತು. ಸತ್ತವರಿಗೆ ಆ ಅವಕಾಶ ಇಲ್ಲ. ಅದಕ್ಕೇ ನೆನಪು ಇಟ್ಕೊಳ್ಳೋರ ಮೇಲೆ ಜವಾಬ್ದಾರಿ ಜಾಸ್ತಿ. ಹಾಗಂತ ಹಾಡನ್ನ ಬೀಗ ಹಾಕಿ ಇಡೋಕೂ ಆಗಲ್ಲ. ನನ್ನ ಮಟ್ಟಿಗೆ ಲೆಕ್ಕ ಇಷ್ಟು: ಹಾಡು ಎಲ್ಲರದ್ದು, ಆದ್ರೆ ಹಾಡಿದವನ ಬಗ್ಗೆ ಹೇಳುವಾಗ ಸುಳ್ಳು ಹೇಳಬಾರದು. ‘ನನಗೆ ಹೀಗೆ ಕೇಳಿಸ್ತು’ ಅನ್ನೋದು ನೆನಪು. ‘ಅವನು ಹೀಗೇ ಹೇಳಿದ’ ಅನ್ನೋದಕ್ಕೆ ಸಾಕ್ಷಿ ಬೇಕು. ಇತಿಹಾಸ ಓದೋರಿಗೆ ಈ ವ್ಯತ್ಯಾಸ ಗೊತ್ತಿರ್ಬೇಕು.

8/8

2006ರಲ್ಲಿ ಅರ್ಬಾತ್ ಗೋಡೆಗೆ ಯಾರೋ ಬಣ್ಣ ಬಳಿದ್ರು. ಹದಿನಾರು ವರ್ಷದ ಬರಹ ಒಂದೇ ಸಲಕ್ಕೆ ಹೋಯ್ತು. ಅಭಿಮಾನಿಗಳು ಏನ್ ಮಾಡಿದ್ರು? ಮತ್ತೆ ಬರೆಯೋಕೆ ಶುರು ಮಾಡಿದ್ರು. ಮೊದಲಿದ್ದ ಹೆಸರುಗಳು ವಾಪಸ್ ಬರ್ಲಿಲ್ಲ. ಗೋಡೆ ಮಾತ್ರ ಮತ್ತೆ ತುಂಬಿತು.

2021ರಲ್ಲಿ ಕಿನೋ ತಂಡ ಮತ್ತೆ ವೇದಿಕೆ ಹತ್ತಿತು. ತಂಡದವರು ಎದುರಿಗೆ ನಿಂತು ನುಡಿಸಿದ್ರು, ದನಿ ಮಾತ್ರ ಹಳೇ ರೆಕಾರ್ಡಿಂಗಿನ ತ್ಸೊಯ್‌ನದ್ದು. ಡ್ರಮ್ಸ್ ಬಾರಿಸ್ತಿದ್ದ ಗಿಯೋರ್ಗಿ ಗುರ್ಯಾನೊವ್ ಕೂಡ 2013ರಲ್ಲೇ ತೀರಿಕೊಂಡಿದ್ದ.

ಇದನ್ನೆಲ್ಲ ಓದೋವಾಗ ನನಗೆ ನೆನಪಾಗಿದ್ದು ನಮ್ಮ ಮಾವನ ಕ್ಯಾಸೆಟ್ ಡಬ್ಬ. ಅಟ್ಟದ ಮೇಲಿತ್ತು. ಒಂದೊಂದರ ಮೇಲೂ ಅವರದೇ ಅಕ್ಷರದಲ್ಲಿ ಹಾಡಿನ ಹೆಸರು, ಯಾರಿಂದ ಕಾಪಿ ಮಾಡ್ಕೊಂಡದ್ದು, ಯಾವತ್ತು ಅಂತ. ಆ ಹಾಡುಗಳೆಲ್ಲ ಈಗ ಫೋನಲ್ಲೇ ಸಿಗುತ್ತೆ, ಕ್ಯಾಸೆಟ್ ಯಾಕೆ ಅಂತ ಮನೆ ಶುಚಿ ಮಾಡುವಾಗ ನಾನೇ ಗುಜರಿಗೆ ಹಾಕಿದೆ. ಮಾವ ಏನೂ ಅನ್ಲಿಲ್ಲ. ಸಂಜೆ ಬಂದು ‘ಒಂದಾದ್ರೂ ಉಳೀತೇನೋ?’ ಅಂತ ಕೇಳಿದ್ರು. ಉಳಿದಿರಲಿಲ್ಲ. ಫೋನಲ್ಲಿ ಹಾಡು ಸಿಗುತ್ತೆ, ಆದ್ರೆ ಯಾವ ಗೆಳೆಯ ಯಾವ ದಿನ ಕೊಟ್ಟ ಅನ್ನೋದು ಅಲ್ಲಿಲ್ಲ. ಅದು ಆ ಅಕ್ಷರದಲ್ಲಿ ಮಾತ್ರ ಇತ್ತು.

ಅದಕ್ಕೇ ನಿಮ್ಮ ಹತ್ರ ಒಂದು ಕೆಲಸ ಕೇಳ್ತೀನಿ. ಇವತ್ತು ಮನೆಯಲ್ಲಿ ಅಪ್ಪ, ಅಮ್ಮ, ಅತ್ತೆ, ಅಜ್ಜಿ, ಯಾರಾದ್ರೂ ಒಬ್ಬರನ್ನ ಕೇಳಿ: ‘ನಿಮಗೆ ತುಂಬಾ ಇಷ್ಟದ ಹಾಡುಗಾರರು ಹೋದ ದಿನ ನೀವೆಲ್ಲಿದ್ರಿ? ಏನ್ ಮಾಡಿದ್ರಿ?’ ಅವರು ಹೇಳಿದ್ದನ್ನ ಅವರದೇ ಮಾತಲ್ಲಿ, ತಾರೀಖು ಸಮೇತ, ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಸ್ಟೋರಿಗೆ ಹಾಕಿದ್ರೂ ಸರಿ, ಆದ್ರೆ ನೋಟ್‌ಬುಕ್ಕಲ್ಲಿ ಮೊದಲು.

ಕಾಮೆಂಟಲ್ಲಿ ಎರಡು ಸಾಲು ಹಾಕಿ. ಎಲ್ಲಾನೂ ಓದ್ತೀನಿ. ನನ್ನ ಮಾವನ ಉತ್ತರವನ್ನ ಮೊದಲ ಕಾಮೆಂಟಾಗಿ ನಾನೇ ಹಾಕಿದೀನಿ.