ತಿಪ್ಟೂರು ತಪ್ಪಾ?

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಯಾರೋ 'ಯಾವೂರು?' ಅಂದರು. 'ಹುಳಿಯಾರು, ತಿಪ್ಟೂರ್ ಹತ್ರ' ಅಂದೆ. 'ಅದು ತಿಪಟೂರು ಅಲ್ವಾ? ಬ್ರಿಟಿಷರು ಕೆಡಿಸಿದ್ದನ್ನ ನೀವೂ ಹೇಳ್ತೀರಲ್ಲ!' ಅಂತ ನಕ್ಕರು. ಅವತ್ತು ಸುಮ್ಮನಿದ್ದೆ.

ಆಮೇಲೊಮ್ಮೆ ಬಿ.ಎಲ್. ರೈಸ್ 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟ ಕಣ್ಣಿಗೆ ಬಿತ್ತು. ನಮ್ಮ ತಾಲ್ಲೂಕಿನ ಹೆಸರು ಇಂಗ್ಲಿಷಿನಲ್ಲಿ 'ಚಿಕ್‌ನಾಯಕನ್‌ಹಳ್ಳಿ' ಅಂತಿದೆ. ಎರಡು ಅಕಾರ ಮಾಯ. ಎಲ್ಲಿಂದ ಅಂತ ನೋಡಿ: ಚಿಕ್ಕ, ನಾಯಕನ, ಹಳ್ಳಿ ಇವು ಮೂರು ಕೂಡುವ ಎರಡು ಬೆಸುಗೆಗಳಿಂದ ಮಾತ್ರ. ಚಿಕ್‌ಮಗಳೂರು, ದೊಡ್‌ಬಳ್ಳಾಪುರಗಳ ಕಥೆಯೂ ಇದೇ. ಕಿವಿಗೆ ಬಿದ್ದದ್ದನ್ನು ಬರೆದುಕೊಂಡ ಹಾಗಿದೆ, ಕೆಡಿಸಿದ ಹಾಗಿಲ್ಲ.

ಯಾಕೆಂದರೆ ಆ ಸ್ವರ ನುಂಗುವವರು ನಾವೇ. ನಮ್ಮ ಕಡೆ ಕೊಬ್ಬರಿ ಕೊಬ್ರಿ, ಎಳನೀರು ಎಳ್ನೀರು, ತೆಂಗಿನಕಾಯಿ ತೆಂಗಿನ್ಕಾಯಿ. ಇದನ್ನ ಯಾವ ದೊರೆ ಕಲಿಸಿದ? ಕನ್ನಡದಲ್ಲಿ ಇಂಗ್ಲಿಷಿನ ಹಾಗೆ ಒತ್ತು ಬದಲಾದರೆ ಅರ್ಥ ಬದಲಾಗಲ್ಲ. ಆದರೆ ಪದದ ಮೊದಲ ಅಕ್ಷರಕ್ಕೆ ಸ್ವಲ್ಪ ತೂಕ ಜಾಸ್ತಿ. ಅದರ ಸ್ವರ ಗಟ್ಟಿ, ದೀರ್ಘವೂ ಗಟ್ಟಿ. ನಡುವಿನ ಹ್ರಸ್ವ ಜಾರಿಹೋಗುತ್ತೆ. ತಿ-ಪ-ಟೂ-ರು ಹೋಗಿ ತಿಪ್-ಟೂ-ರು.

ಬೆಸುಗೆ ಸವೆಯುವುದು ಹೊಸದೂ ಅಲ್ಲ. ಮಳೆ, ಕಾಲ ಸೇರಿದರೆ ಮಳೆಗಾಲ; ಸಮಾಸದಲ್ಲಿ ಕತಪಗಳು ಗದಬಗಳಾಗುವುದನ್ನು ಕೇಶಿರಾಜ 13ನೇ ಶತಮಾನದಲ್ಲೇ ಸೂತ್ರ ಮಾಡಿಟ್ಟ. 'ಹಿರಿದು' ಅನ್ನುವ ಪದವಂತೂ ಮರದ ಜೊತೆ ಸೇರಿ ಹೆಮ್ಮರ, ದಾರಿ ಜೊತೆ ಸೇರಿ ಹೆದ್ದಾರಿ. ಅದನ್ನ ಬಿಡಿಸಿ ಬರೆದರೆ ಪರೀಕ್ಷೇಲಿ ಅಂಕ ಸಿಗುತ್ತೆ. ತಿಪ್ಟೂರ್ ಅಂದರೆ ನಗು ಸಿಗುತ್ತೆ.

ಇಂಗ್ಲಿಷ್ ಬರಹದಿಂದ ನಷ್ಟವೇ ಆಗಿಲ್ಲ ಅಂತಲ್ಲ. ಅದರಲ್ಲಿ ಳಕಾರ ಇಲ್ಲ, ಹಾಗಾಗಿ ನಮ್ಮೂರಿನ ಹುಳಿ ಹೊರಗಿನವರ ಬಾಯಲ್ಲಿ ಹುಲಿ ಆಗಿದೆ. ಅದು ನಿಜವಾದ ಕೆಡುಕು.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ತುಮಕೂರು, ಚಿಕ್ಕಮಗಳೂರಿಗೆ ನಡುವಿನ ಅಕಾರ ಇಂಗ್ಲಿಷಿನಲ್ಲೂ ಬಂತು. ತಿಪಟೂರು ಆ ಪಟ್ಟಿಯಲ್ಲಿರಲಿಲ್ಲ. ಹುಳಿಯಾರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಕನ್ನಡ ಬೋರ್ಡು 'ತಿಪಟೂರು' ಅನ್ನುತ್ತೆ, ಬಾಗಿಲಲ್ಲಿ ನಿಂತ ಕಂಡಕ್ಟರು 'ತಿಪ್ಟೂರ್ ತಿಪ್ಟೂರ್' ಅಂತ ಕೂಗ್ತಾರೆ. ನಾವು ಕೂಗು ಕೇಳಿ ಹತ್ತುತ್ತೀವಿ.