ಎರೆಭೂಮಿಯ ಕೈತೋಟ

ಎರೆಭೂಮಿಯ ಕೈತೋಟವು ಕಪ್ಪು ಎರೆಮಣ್ಣಿನ ಪ್ರದೇಶಗಳಲ್ಲಿ ಮನೆಯ ಹಿತ್ತಲಿನಲ್ಲಿ ಮನೆಬಳಕೆಗಾಗಿ ತರಕಾರಿ ಮತ್ತು ಸೊಪ್ಪುಗಳನ್ನು ಬೆಳೆಯುವ ಪದ್ಧತಿ. ಗದಗ ಜಿಲ್ಲೆ ರೋಣ ತಾಲ್ಲೂಕಿನ ಅಬ್ಬಿಗೇರಿ ಮತ್ತು ಸುತ್ತಲಿನ ಗ್ರಾಮಗಳು ಈ ಮಣ್ಣಿನ ಸೀಮೆಗೆ ಸೇರಿವೆ. ಇದು ಕರ್ನಾಟಕದ ಉತ್ತರ ಒಣ ವಲಯದ ಭಾಗ. ಮಳೆ ಕಡಿಮೆಯಿರುವುದರಿಂದ ಇಲ್ಲಿ ಕೈತೋಟದ ಫಲವು ಮಣ್ಣಿನ ಹದ ಮತ್ತು ನೀರಿನ ಗುಣವನ್ನು ಅವಲಂಬಿಸುತ್ತದೆ.

ಮಣ್ಣಿನ ಸ್ವಭಾವ

ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಇದು ತೇವವಾದಾಗ ಉಬ್ಬಿ ಅಂಟಾಗುತ್ತದೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ತೇವವನ್ನು ಬಹುದಿನ ಹಿಡಿದಿಡುವುದು ಇದರ ಗುಣ. ನೀರು ಬೇಗ ಬಸಿಯದೆ ಬೇರು ಕೊಳೆಯುವುದು ದೋಷ. ಹಸಿಯಾಗಿರುವಾಗ ಅಗೆದರೆ ಮಣ್ಣು ಹೆಂಟೆಗಟ್ಟುತ್ತದೆ. ಹಿಡಿಯಲ್ಲಿ ಒತ್ತಿದಾಗ ಕೈಗೆ ಅಂಟದೆ ಪುಡಿಯಾಗುವುದು ಅಗೆಯಲು ಸರಿಯಾದ ಹದ.

ಮಡಿಗಳ ಸಿದ್ಧತೆ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಸೂಕ್ತ. ಸುಮಾರು 1 ಮೀಟರ್ ಅಗಲ, 15ರಿಂದ 20 ಸೆಂ.ಮೀ. ಎತ್ತರದ ಏರುಮಡಿಗಳನ್ನು ಮಾಡಿದರೆ ಹೆಚ್ಚಿನ ನೀರು ಬಸಿದುಹೋಗುತ್ತದೆ ಮತ್ತು ಎರಡೂ ಬದಿಯಿಂದ ಕೈ ನಿಲುಕುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸುವುದರಿಂದ ಮಣ್ಣು ಸಡಿಲವಾಗುತ್ತದೆ. ಶೇಂಗಾ ಹೊಟ್ಟು ಅಥವಾ ಜೋಳದ ಕಣಿಕೆಯ ಚೂರುಗಳನ್ನು ಹೊದಿಸಿದರೆ ತೇವ ಉಳಿದು ಬಿರುಕು ಕಡಿಮೆಯಾಗುತ್ತದೆ.

ಬೆಳೆಗಳು

ಹೊಸಬರಿಗೆ ಸೊಪ್ಪುಗಳು ಸುಲಭ. ಮೆಂತ್ಯ, ರಾಜಗಿರಿಗಳು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಪುಂಡಿ ಮತ್ತು ಚವಳಿಕಾಯಿ ಒಣಹವೆಯನ್ನು ತಾಳುತ್ತವೆ. ಬದನೆ, ಟೊಮೆಟೊ, ಮೆಣಸಿನ ಬೀಜಗಳನ್ನು ಮೊದಲು ಸಸಿಮಡಿಯಲ್ಲಿ ಬಿತ್ತಿ, 4–5 ವಾರಗಳ ಸಸಿಗಳನ್ನು ಸಂಜೆ ನಾಟಿ ಮಾಡಲಾಗುತ್ತದೆ. ಹೀರೆಬಳ್ಳಿಯನ್ನು ಬೇಲಿ ಅಥವಾ ಚಪ್ಪರಕ್ಕೆ ಹಬ್ಬಿಸಬಹುದು. ನುಗ್ಗೆ, ಕರಿಬೇವುಗಳನ್ನು ತರಕಾರಿಗೆ ನೆರಳಾಗದಂತೆ ಅಂಚಿನಲ್ಲಿ ನೆಡುವುದು ರೂಢಿ.

ನೀರಿನ ಬಳಕೆ

ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಗಿಡಗಳಿಗೆ ನೇರವಾಗಿ ಹಾಕಬಹುದು. ಬಟ್ಟೆ ಒಗೆದ ಸೋಪಿನ ನೀರಿನಲ್ಲಿ ಸೋಡಿಯಂ ಇರುತ್ತದೆ. ಅದನ್ನು ಸತತವಾಗಿ ಹಾಕಿದರೆ ಎರೆಮಣ್ಣಿನ ಕಣಗಳು ಚದುರಿ, ಮೇಲ್ಪದರ ಗಟ್ಟಿಯಾಗಿ, ನೀರು ಇಂಗುವುದು ನಿಲ್ಲುತ್ತದೆ. ಸವುಳು ನೀರಿನಿಂದಲೂ ಲವಣ ಸೇರಿ ಬೀಜ ಮೊಳೆಯುವುದು ಕುಂಠಿತವಾಗುತ್ತದೆ. ಹೀಗೆ ಕೆಟ್ಟ ಮಣ್ಣು ಸುಧಾರಿಸಲು ಬಹುಕಾಲ ಬೇಕು. ಆದ್ದರಿಂದ ಸಂಗ್ರಹಿಸಿದ ಮಳೆನೀರನ್ನು ಸಸಿಮಡಿಗಳಿಗೆ ಮೀಸಲಿಡುವುದು ಒಳ್ಳೆಯದು. ಮೇಲ್ಮಣ್ಣು ಒಣಗಿ ಕಂಡರೂ ಒಳಗೆ ತೇವವಿರಬಹುದು; ಬೆರಳುದ್ದ ಕೆದಕಿ ನೋಡಿ ನೀರು ಕೊಡಬೇಕು.

ಕೀಟ ನಿರ್ವಹಣೆ

ಬಿಳಿನೊಣವು ಬೆಂಡೆಯ ಹಳದಿ ನಂಜು ರೋಗವನ್ನು ಹರಡುತ್ತದೆ. ರೋಗದ ಗಿಡಗಳನ್ನು ಕೂಡಲೇ ಕಿತ್ತುಹಾಕಬೇಕು. ಬದನೆಯ ಬಾಡಿದ ಕುಡಿಗಳಲ್ಲಿ ಕಾಂಡಕೊರಕದ ಹುಳುವಿರುವುದರಿಂದ ಅವನ್ನು ಚಿವುಟಿ ನಾಶಪಡಿಸಲಾಗುತ್ತದೆ. 50 ಗ್ರಾಂ ಬೇವಿನ ಬೀಜದ ಪುಡಿಯನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿದರೆ ರಸಹೀರುವ ಕೀಟಗಳು ಕಡಿಮೆಯಾಗುತ್ತವೆ.

ಮಾಹಿತಿ ಮತ್ತು ತರಬೇತಿ

ಗದಗ ಜಿಲ್ಲೆಯ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ (1986) ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ (2008) ಈ ಭಾಗದ ಕೃಷಿ, ತೋಟಗಾರಿಕೆ ಸಂಶೋಧನೆಯ ಪ್ರಮುಖ ಸಂಸ್ಥೆಗಳು.